ಹೊನ್ನಿ ಒಪ್ಪಿಕೊಂಡ ಮೂರು ಮರಿಗಳು

ಕೀರ್ತಿರಾಜನ ಫೋನು ಬಂದಾಗ ಗುರುಸಿದ್ದಮ್ಮ ಹಿತ್ತಿಲ ಒಲೆಯ ಮುಂದೆ ಕುಳಿತು ಬಾಣಂತಿ ನಾಯಿಗೆ ರಾಗಿ ಗಂಜಿ ಕಾಯಿಸುತ್ತಿದ್ದಳು.

“ದೊಡ್ಡಮ್ಮಾ, ಅವರು ಇಲ್ಲಿಂದ ಒಂಟವ್ರೆ. ಸೀದಾ ನಿನ್ ಮನೆಗೇ ಬತ್ತಾವ್ರೆ. ಎಂಟೂ ಹೊನ್ನಿ ಮರಿಗಳೇ ಅನ್ನು. ಅಷ್ಟೇ ಅನ್ನು, ಬ್ಯಾರೆ ಏನೂ ಆಡಕ್ಕೋಗ್‌ಬ್ಯಾಡ.”

“ಯಾರ್ಲಾ ಬರೋದು?”

“ಪಾಲಿಕೆಯೋರು ಕಣ್ ದೊಡ್ಡಮ್ಮ. ನಾಯಿ ಡಾಕ್ಟ್ರು ಮೇಡಮ್ಮು, ಇಂದ್ಗಡೆ ಬೋನಿನ ಗಾಡಿ. ಮೊಬೈಲಲ್ಲಿ ಆ ಮೂರು ಮರಿ ಫೋಟೋ ಹಾಕಿದ್ನಲ್ಲ, ಯಾರೋ ತೋರ್ಸ್‌ಬುಟ್ಟವ್ರೆ. ಇವುಕ್ಕೆ ತಾಯಿ ಎಲ್ಲೈತೆ ಅಂದ್ರು. ನಿನ್ ಹೆಸರು ಹೇಳ್ಬುಟ್ಟೆ.”

“ನನ್ ಹೆಸರಾ?”

“ಇನ್ಯಾರ್ ಹೆಸರು ಹೇಳ್ಲಿ? ಪರವಾನಗಿ ಬೋರ್ಡು ಹಾಕ್ಕೊಂಡಿರೋಳು ನೀನಲ್ವಾ!” ಎಂದವನೇ ಫೋನು ಇಟ್ಟುಬಿಟ್ಟ.

ಗಂಜಿಯ ತಳ ಹತ್ತಿದ ವಾಸನೆ ಮೂಗಿಗೆ ಬಡಿದ ಮೇಲೆಯೇ ಆಕೆಗೆ ಒಲೆಯ ನೆನಪಾದದ್ದು. ಪಾತ್ರೆಯನ್ನು ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಗೋಣಿಚೀಲದ ಹಾಸಿಗೆಯ ಮೇಲೆ ಹೊನ್ನಿ ಅಡ್ಡಬಿದ್ದಿತ್ತು. ಹಳದಿ ಮೈಯ ದೊಡ್ಡ ನಾಯಿ. ಅದರ ಹೊಟ್ಟೆಗೆ ಅಂಟಿಕೊಂಡು ಎಂಟು ಮರಿಗಳು ಒಂದನ್ನೊಂದು ತುಳಿಯುತ್ತ ಹಾಲು ಕುಡಿಯುತ್ತಿದ್ದವು. ಎಂಟರಲ್ಲಿ ಐದನ್ನು ಹೊನ್ನಿ ಹೆತ್ತಿತ್ತು. ಉಳಿದ ಮೂರನ್ನು ಭಾನುವಾರ ಮಧ್ಯಾಹ್ನ ಕೀರ್ತಿರಾಜನೇ ಟೊಮ್ಯಾಟೊ ಕ್ರೇಟಿನಲ್ಲಿ ಹಾಕಿಕೊಂಡು ತಂದಿದ್ದ.

ಗುರುಸಿದ್ದಮ್ಮನಿಗೆ ಹಾಸನದಲ್ಲಿ ನಾಯಿಮರಿ ಅಮ್ಮ ಎಂದೇ ಹೆಸರು. ಅರಕಲಗೂಡಿನ ಕಡೆಯ ಲಿಂಗವಂತರ ಒಕ್ಕಲು ಮನೆಯಲ್ಲಿ ದನಕರುಗಳ ನಡುವೆ ಬೆಳೆದ ಆಕೆ ಮದುವೆಯಾಗಿ ಈ ಊರಿಗೆ ಬಂದವಳು. ಗಂಡ ನಂಜಯ್ಯನಿಗೆ ಹಿಂಡಿ ಬೂಸಾ ಅಂಗಡಿಯಿತ್ತು. ಎದುರು ಸಾಲಿನಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಮ್ಯಾನೇಜರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಬಸುರಿ ನಾಯಿಯನ್ನು ಈ ದಂಪತಿಗಳ ಗೇಟಿಗೆ ಕಟ್ಟಿ, ಒಂದು ವಾರದಲ್ಲಿ ಬಂದು ಕರೆದೊಯ್ಯುತ್ತೇವೆಂದು ಹೇಳಿ ಹೋದವರು ತಿರುಗಿ ಬರಲೇ ಇಲ್ಲ. “ಲಿಂಗಪೂಜೆ ಮಾಡೋ ಮನೇಲಿ ನಾಯಿ ಬಾಣಂತನ ಬೇರೆ ಮಾಡ್ಬೇಕಾ?” ಎಂದು ನಂಜಯ್ಯ ಗೊಣಗಿದ್ದುಂಟು. ಗುರುಸಿದ್ದಮ್ಮ ವಾದಕ್ಕೆ ನಿಲ್ಲಲಿಲ್ಲ. ಹಿತ್ತಿಲಲ್ಲಿ ಬೇರೆ ಒಲೆ ಹೂಡಿದಳು. ನಾಯಿಯ ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಳು. ಆ ಸೌಟು ಅಡುಗೆಮನೆಯ ಹೊಸ್ತಿಲನ್ನು ಈವರೆಗೂ ದಾಟಿಲ್ಲ. ಆ ನಾಯಿಯ ಮೊಮ್ಮಗಳೇ ಹೊನ್ನಿ.

ಮರಿ ಕೊಡುವುದರಲ್ಲಿ ಆಕೆಯದು ಬಿಗಿಯಾದ ಕ್ರಮ. ಬೇಕೆಂದವರು ಎರಡು ಸಲ ಬರಬೇಕು. ಮೊದಲ ಸಲ ನೋಡಿ ಹೋಗಬೇಕಷ್ಟೇ. ಎರಡನೆಯ ಸಲ ಜಗಲಿಯ ಮೇಲೆ ಕುಳಿತು, ತಮ್ಮ ಕೈಯಾರೆ ತಾಯಿನಾಯಿಗೆ ಒಂದು ತುತ್ತು ತಿನ್ನಿಸಬೇಕು. ಅದು ಮೂಸಿ ಮುಖ ತಿರುಗಿಸಿತೆಂದರೆ ಆ ಗಿರಾಕಿಗೆ ಮರಿಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಾಯಿ ತಾನಾಗಿಯೇ ಗುರ್ರೆಂದು ಮೊಲೆಯಿಂದ ದೂರ ತಳ್ಳುವ ಕಾಲ ಬರುವವರೆಗೆ ಒಂದು ಮರಿಯೂ ಗೇಟು ದಾಟುವಂತಿಲ್ಲ. ಹೊಳೆನರಸೀಪುರದ ಕಂಟ್ರಾಕ್ಟರೊಬ್ಬರು ಮಗಳ ಹುಟ್ಟುಹಬ್ಬಕ್ಕೆಂದು ಎಳೆಯ ಮರಿ ಕೇಳಿಕೊಂಡು ಕಾರಿನಲ್ಲಿ ಬಂದಿದ್ದಾಗ, “ಊಟ ಮಾಡ್ಕೊಂಡ್ ಓಗಿ ಸಾ, ಮರಿ ಮಾತ್ರ ಕೇಳ್‌ಬ್ಯಾಡಿ” ಎಂದು ಎಲೆ ಹಾಕಿಸಿ, ಉಣ್ಣಿಸಿ, ಬರಿಗೈಯಲ್ಲಿ ಕಳುಹಿಸಿದ್ದಳು.

ಹಾಗಾಗಿ ನಗರದಲ್ಲಿ ಹೊಸ ಕಟ್ಟಳೆ ಬಂದಾಗ ಆಕೆಗೆ ಅದು ಹೊಸದೆನಿಸಲಿಲ್ಲ. ಪರವಾನಗಿಯಿಲ್ಲದೆ ಮನೆಗಳಲ್ಲಿ ನಾಯಿ ತಳಿ ಮಾಡುವಂತಿಲ್ಲ; ಎರಡು ತಿಂಗಳು ತುಂಬದ ಮರಿಯನ್ನು ತಾಯಿಯಿಂದ ಅಗಲಿಸುವಂತಿಲ್ಲ; ಮಾರಾಟಕ್ಕಿಟ್ಟ ಮರಿಗೆ ತಾಯಿ ಎಲ್ಲಿದೆಯೆಂದು ಕೇಳಿದರೆ ಕರೆದೊಯ್ದು ತೋರಿಸಬೇಕು. ಮರಿ ವ್ಯಾಪಾರದ ಉಳಿದವರು ಸಿಡಿಮಿಡಿಗೊಂಡರು. ಗುರುಸಿದ್ದಮ್ಮ ಮಾತ್ರ, ಸರ್ಕಾರಕ್ಕೆ ಈಗಲಾದರೂ ಬುದ್ಧಿ ಬಂತೆಂದು ಎಲ್ಲರಿಗಿಂತ ಮೊದಲು ಹೋಗಿ ಪರವಾನಗಿ ಮಾಡಿಸಿದಳು. ಗೇಟಿಗೆ ತಗಡಿನ ಬೋರ್ಡು ಬಂತು. ಮನೆ ಕಟ್ಟಿದಂದಿನಿಂದ ಆ ಗೇಟಿನ ಮೇಲೆ ನಂಜಯ್ಯನ ಹೆಸರಿತ್ತು. ಈಗ ಅದರ ಪಕ್ಕದಲ್ಲಿ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ, ‘ಗುರುಸಿದ್ದಮ್ಮ’ ಎಂದು ಬರೆದಿತ್ತು. ಬೆಳಿಗ್ಗೆ ಅಂಗಳ ಗುಡಿಸುವಾಗ ಅದಕ್ಕೊಂದು ಒದ್ದೆ ಬಟ್ಟೆ ಬೀಳದ ದಿನವಿರಲಿಲ್ಲ.

ಕೀರ್ತಿರಾಜ ಆಕೆಯ ತಂಗಿಯ ಮಗ. ಹಿಡಿದ ಕೆಲಸವನ್ನು ನಡುವೆ ಬಿಟ್ಟು ಅಲೆಯುತ್ತಿದ್ದವನನ್ನು “ಇವನನ್ನ ನನಗೆ ಬುಡು, ದಾರಿಗೆ ತತ್ತೀನಿ” ಎಂದು ತಂಗಿಯಿಂದ ಕೇಳಿ ಪಡೆದು, ಬಸ್ ಸ್ಟ್ಯಾಂಡಿನ ಹತ್ತಿರ ಮೀನು, ಪಕ್ಷಿ, ನಾಯಿ ಆಹಾರದ ಅಂಗಡಿ ಹಾಕಿಸಿದವಳು ಅವಳೇ. ಅವನು ಕ್ರೇಟು ಹೊತ್ತು ತಂದ ದಿನ ಆಕೆ ಕೇಳಿದ್ದಳು.

“ಏನ್ಲಾ ಇದು? ನೆಟ್ಟಗೆ ನಿಂತ್ಕಳಕ್ಕೂ ಬರಲ್ವಲ್ಲೋ ಇವಕ್ಕೆ.”

“ತಾಯಿ ಸತ್ತೋಯ್ತಂತೆ ದೊಡ್ಡಮ್ಮ. ಎರಡೇ ದಿನ ಮಡಿಕ. ಗಿರಾಕಿ ಬತ್ತಾರೆ, ತಕ್ಕೊಂಡೋಯ್ತಾರೆ.”

“ಯಾವೂರ್ದು? ಏನಾಗ್ ಸತ್ತಳು?”

“ಚನ್ರಾಯಪಟ್ಟಣದ ಕಡೇದು. ಸತ್ತೋಯ್ತು ಅಂದ್ರು, ನಾನೇನ್ ಪಂಚನಾಮೆ ಮಾಡಕ್ಕಾಗ್ತದಾ?”

ಅವನ ಕಣ್ಣು ಗೋಡೆಯ ಮೇಲಿತ್ತು. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿದಾಗಲೂ ಅವನು ಗೋಡೆಯನ್ನೇ ನೋಡುತ್ತಿದ್ದ. ಸುಳ್ಳೆಂದು ಆಕೆಗೆ ತಿಳಿಯಿತು. ತಿಳಿದೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಮರಿಗಳ ಕೂಗು ಅಷ್ಟು ಜೋರಾಗಿತ್ತು. ಬಾಟಲಿಯ ಹಾಲನ್ನು ಅವು ಬಾಯಿಗೆ ತಾಗಿಸಲಿಲ್ಲ. ಹೊನ್ನಿಯ ಹತ್ತಿರ ಬಿಟ್ಟರೆ ಹೊನ್ನಿ ಹಲ್ಲು ತೋರಿಸಿತು.

ಆಗ ಆಕೆಗೆ ತವರುಮನೆಯ ಕೊಟ್ಟಿಗೆ ನೆನಪಾಯಿತು. ತಬ್ಬಲಿ ಕರುವನ್ನು ಬೇರೆ ಹಸುವಿಗೆ ಒಪ್ಪಿಸುವಾಗ ಅವ್ವ ಕರುವಿನ ಮೈಗೆ ಉಪ್ಪುನೀರು ಸವರುತ್ತಿದ್ದಳು. ಉಪ್ಪಿನ ಆಸೆಗೆ ಹಸು ನೆಕ್ಕುವುದು. ನೆಕ್ಕಿದ ಮೇಲೆ ಅದು ಅದರದೇ ಕರು. ನಾಯಿಗೆ ಉಪ್ಪು ಆಗದು. ಗುರುಸಿದ್ದಮ್ಮ ಬೆಲ್ಲದ ನೀರಿಗೆ ಹೊನ್ನಿಯದೇ ನಾಲ್ಕು ಹನಿ ಹಾಲು ಹಿಂಡಿ ಬೆರೆಸಿ, ಮರಿಗಳ ನೆತ್ತಿಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಹೊನ್ನಿ ಮೂಸಿತು. ಸ್ವಲ್ಪ ಹಿಂಜರಿಯಿತು. ಆಮೇಲೆ ನಾಲಿಗೆ ಚಾಚಿತು. ಸಂಜೆಯ ಹೊತ್ತಿಗೆ ಮೂರೂ ಮರಿಗಳು ಮೊಲೆಗೆ ಬಿದ್ದಿದ್ದವು.

“ಎಣಿಸಕ್ಕೆ ಬರಲ್ಲ ಅಂತ ಅವಳಿಗೆ ಮೋಸ ಮಾಡ್ದಲ್ಲೇ” ಎಂದು ನಂಜಯ್ಯ ನಕ್ಕಿದ್ದ.

“ಮೋಸ ಅಲ್ಲ, ಹೊಟ್ಟೆಪಾಡು” ಎಂದಿದ್ದಳು ಆಕೆ.

ಈಗ ಗೇಟಿನ ಮುಂದೆ ಜೀಪು ನಿಂತ ಸದ್ದಾಯಿತು. ಅದರ ಹಿಂದೆಯೇ ಕಬ್ಬಿಣದ ಜಾಲರಿಯ ಬೋನಿನ ಗಾಡಿ. ಎದುರು ಮನೆಯ ಕಮಲಾಕ್ಷಮ್ಮ ಬಟ್ಟೆ ಒಣಗಿಸುವ ನೆಪ ಮಾಡಿಕೊಂಡು ಆಗಲೇ ತಾರಸಿಯ ಅಂಚಿಗೆ ಬಂದಿದ್ದಳು.

“ಅಂತೂ ಬಂದ್ರಪ್ಪ! ನಾಯಿ ಕಾಟ ತಡೆಯಕ್ಕಾಗಲ್ಲ ಅಂತ ನಾನು ಬಾಯಿ ಬಡ್ಕೊಂಡಿದ್ದೇ ಬಂತು” ಎಂದು ಯಾರಿಗೂ ಅಲ್ಲದಂತೆ ಹೇಳಿದಳು.

“ಬೊಗಳೋದು ಕೇಳಕ್ಕೆ ಅಷ್ಟ್ ಮೇಲಕ್ಕ್ಯಾಕೆ ಹತ್ತಿದ್ರಿ ಕಮಲಾಕ್ಷಮ್ಮ? ಕೆಳಗೂ ಕೇಳುಸ್ತದಲ್ಲ” ಎಂದ ನಂಜಯ್ಯ, ಮಂಡಿ ಹಿಡಿದುಕೊಂಡು ಜಗಲಿಯಿಂದ ಏಳುತ್ತ.

ಜೀಪಿನಿಂದ ಇಳಿದವಳು ಪಾಲಿಕೆಯ ಪಶುವೈದ್ಯೆ ತೇಜಶ್ರೀ. ಮೂವತ್ತರ ಆಸುಪಾಸಿನ, ಹೆಚ್ಚು ಮಾತಿಲ್ಲದ ಹೆಣ್ಣುಮಗಳು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಬೋರ್ಡಿನ ಮುಂದೆ ನಿಂತು ಓದಿದಳು.

“ಗುರುಸಿದ್ದಮ್ಮ ಅಂದ್ರೆ ನೀವೇನಾ? ಪರವಾನಗಿಗೆ ಬಂದವರಿಗೆಲ್ಲ ನಾವು ನಿಮ್ಮ ಮನೇನೇ ನೋಡ್ಕೊಂಡು ಬನ್ನಿ ಅಂತೀವಿ.”

ಬೇರೆ ದಿನವಾಗಿದ್ದರೆ ಆ ಮಾತಿಗೆ ಗುರುಸಿದ್ದಮ್ಮ ವಾರವಿಡೀ ಹಿಗ್ಗುತ್ತಿದ್ದಳು. ಇಂದು ಸೆರಗಿನಿಂದ ಮತ್ತೊಮ್ಮೆ ಕೈ ಒರೆಸಿಕೊಂಡಳು.

ಅಷ್ಟರಲ್ಲಿ ಕೀರ್ತಿರಾಜನ ಬೈಕು ಬಂತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. “ನೋಡಿ ಮೇಡಂ, ನಾನ್ ಹೇಳಿದ್ನಲ್ಲ, ನಮ್ಮ ದೊಡ್ಡಮ್ಮ. ಎಲ್ಲಾ ಕಾನೂನು ಪ್ರಕಾರ” ಎಂದು ತಾನೇ ಮುಂದಾಗಿ ಕೊಟ್ಟಿಗೆಗೆ ನಡೆದ.

ಹೊನ್ನಿ ಎಷ್ಟು ಮರಿ ಹಾಕಿತೆಂಬುದನ್ನು ಪಾಲಿಕೆಗೆ ಇನ್ನೂ ತಿಳಿಸಿರಲಿಲ್ಲ. ಮೊದಲ ಚುಚ್ಚುಮದ್ದಿನ ದಿನ ತಿಳಿಸಿದರೆ ಸಾಕಿತ್ತು. ಆದ್ದರಿಂದ ಐದೋ ಎಂಟೋ ಎಂಬುದಕ್ಕೆ ಈ ಮನೆಯವರ ಮಾತನ್ನು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ತೇಜಶ್ರೀ ಒಂದೊಂದೇ ಮರಿಯನ್ನು ಎತ್ತಿ ಬಾಯಿ ಬಿಡಿಸಿ ನೋಡಿದಳು.

“ಐದಕ್ಕೆ ಹಲ್ಲು ಬಂದಿದೆ. ಈ ಮೂರಕ್ಕೆ ಈಗಷ್ಟೇ ಮೊಳೀತಿದೆ.”

“ಒಂದು ಸೂಲಲ್ಲಿ ಇಂದು ಮುಂದು ಇರಲ್ವಾ ಮೇಡಂ? ಕೊನೇಲಿ ಉಟ್ಟಿದ್ದು, ಬಡ್ಕಲು” ಎಂದ ಕೀರ್ತಿರಾಜ.

“ಇರುತ್ತೆ” ಎಂದಳು ತೇಜಶ್ರೀ. “ತಾಯಿಯನ್ನ ಸ್ವಲ್ಪ ಹೊರಗೆ ಕರ್ಕೊಂಡು ಬನ್ನಿ.”

ಗುರುಸಿದ್ದಮ್ಮ ಹೊನ್ನಿಯನ್ನು ಅಂಗಳಕ್ಕೆ ಕರೆತಂದು ಹಗ್ಗ ಹಿಡಿದು ನಿಂತಳು. ಸಿಬ್ಬಂದಿಯವನೊಬ್ಬ ಐದು ಮರಿಗಳನ್ನು ಒಂದು ಬುಟ್ಟಿಗೆ, ಮೂರನ್ನು ಇನ್ನೊಂದಕ್ಕೆ ಹಾಕಿ, ಎರಡನ್ನೂ ಅಂಗಳದ ಎರಡು ಮೂಲೆಗಳಲ್ಲಿರಿಸಿದ. ಬುಟ್ಟಿಯ ತಣ್ಣನೆಯ ತಳ ತಾಗಿದೊಡನೆ ಆ ಮೂರು ಕೂಗಲಾರಂಭಿಸಿದವು.

“ಬಿಡಿ ಈಗ.”

ಹಗ್ಗ ಸಡಿಲವಾಯಿತು. ಹೊನ್ನಿ ಒಮ್ಮೆ ಆ ಮೂಲೆಗೆ, ಒಮ್ಮೆ ಈ ಮೂಲೆಗೆ ನೋಡಿತು. ತಾರಸಿಯ ಮೇಲೆ ಕಮಲಾಕ್ಷಮ್ಮನ ಕೈಯ ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊನ್ನಿ ಓಡಿ ಹೋದದ್ದು ಕೂಗುತ್ತಿದ್ದ ಮೂರರ ಬುಟ್ಟಿಗೆ. ಒಂದನ್ನು ಕುತ್ತಿಗೆಯ ತೊಗಲಿನಲ್ಲಿ ಕಚ್ಚಿ ಎತ್ತಿಕೊಂಡು ಕೊಟ್ಟಿಗೆಯ ಹಾಸಿಗೆಗೆ ಸೇರಿಸಿತು. ತಿರುಗಿ ಬಂದು ಇನ್ನೊಂದನ್ನು ಒಯ್ದಿತು. ಮೂರೂ ಮುಗಿದ ಮೇಲೆಯೇ ತನ್ನ ಸ್ವಂತ ಐದರ ಕಡೆಗೆ ಹೊರಳಿತು.

“ಇನ್ನೇನ್ ಬೇಕು ಮೇಡಂ! ತಾಯೇ ಬಂದು ಸಾಕ್ಷಿ ಹೇಳ್ತಲ್ಲ!” ಕೀರ್ತಿರಾಜನ ಮುಖದಲ್ಲಿ ರಕ್ತ ತಿರುಗಿ ಬಂದಿತ್ತು.

ತೇಜಶ್ರೀ ಅವನತ್ತ ನೋಡಲಿಲ್ಲ. ಗುರುಸಿದ್ದಮ್ಮನ ಎದುರಿಗೆ ಬಂದು ನಿಂತಳು. ಬೆಳಗಿನ ಪೂಜೆಯ ವಿಭೂತಿ ಆ ಹಣೆಯ ಮೇಲೆ ಇನ್ನೂ ಅಚ್ಚಳಿಯದೆ ಇತ್ತು.

“ಅಮ್ಮಾ, ಹಾಲು ಕೊಡೋಳೆಲ್ಲ ಹೆತ್ತೋಳೇ ಆಗಿರಬೇಕು ಅಂತಿಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ. ಎಂಟೂ ಇವಳು ಹೆತ್ತದ್ದಾ? ನೀವು ಹೌದು ಅಂದ್ರೆ ಸಾಕು, ನಾನು ಇಲ್ಲಿಂದಲೇ ವಾಪಸ್ ಹೋಗ್ತೀನಿ. ಇನ್ನೆಲ್ಲೂ ಹುಡುಕಲ್ಲ.”

ಹೌದೆಂದರೆ ಬೋರ್ಡು ಗೇಟಿನ ಮೇಲೆಯೇ ಉಳಿಯುತ್ತಿತ್ತು. ತಂಗಿಯ ಮಗನ ಅಂಗಡಿ ಉಳಿಯುತ್ತಿತ್ತು. ತಂಗಿಯ ಮುಂದೆ ಕೊಟ್ಟ ಮಾತು ಉಳಿಯುತ್ತಿತ್ತು. ಎದುರು ಮನೆಯ ಬಾಯಿಗೆ ಬೀಗ ಬೀಳುತ್ತಿತ್ತು. ಗುರುಸಿದ್ದಮ್ಮ ಬಾಯಿ ತೆರೆದಳು; ‘ಹೌದು’ ನಾಲಿಗೆಯ ಮೇಲೆಯೇ ಇತ್ತು. ಆದರೆ ಆ ಹುಡುಗಿ ಕೊನೆಗೆ ಆಡಿದ ಮಾತು ಆಕೆಯನ್ನು ಹಿಡಿದು ನಿಲ್ಲಿಸಿತು. ಇನ್ನೆಲ್ಲೂ ಹುಡುಕಲ್ಲ.

ಹಾಗಾದರೆ ಎಲ್ಲೋ ಒಂದು ಕಡೆ ಹುಡುಕಬೇಕಾದದ್ದು ಇದೆ. ಹೊನ್ನಿಯ ಹಿಂದಿನ ಸೂಲಿನಲ್ಲಿ ಎರಡು ಮರಿ ಸತ್ತಾಗ ಮೊಲೆಯಲ್ಲಿ ಹಾಲು ಗಟ್ಟಿಯಾಗಿ, ಅದು ಹಗಲೆಲ್ಲ ಕೊಟ್ಟಿಗೆಯ ಮೂಲೆ ಮೂಲೆಯನ್ನು ಮೂಸುತ್ತ, ಗೋಣಿಯನ್ನು ಕೆದರಿ ಕೆದರಿ ನೋಡುತ್ತ ತಿರುಗಿದ್ದನ್ನು ಆಕೆ ಕಂಡಿದ್ದಳು. ಇಲ್ಲಿಯ ಈ ಮೂರು ಮರಿಗಳಿಗೂ ಅಂಥ ಒಂದು ಜೀವ ಬೋನಿನಲ್ಲಿ ಸುತ್ತು ಹಾಕುತ್ತಿರಬಹುದು. ತಾನು ಹೌದೆಂದ ಗಳಿಗೆಯಿಂದ ಆ ಜೀವ ಲೋಕದಲ್ಲಿಲ್ಲವೆಂದೇ ಆಗುತ್ತದೆ. ಮುಂದಿನ ಸೂಲಿಗೆ, ಅದರ ಮುಂದಿನ ಸೂಲಿಗೆ ಅದು ಅಲ್ಲೇ ಇರುತ್ತದೆ.

“ಐದು ಇವಳವು” ಎಂದಳು ಗುರುಸಿದ್ದಮ್ಮ. “ಮೂರಲ್ಲ.”

ಆಕೆ ಕೊಟ್ಟಿಗೆಯ ಕಡೆಗೆ ಕೈ ತೋರಿಸಿದಳು.

“ಅವುನ್ನ ನನ್ನ ಕೊಟ್ಟಿಗೆಗೆ ಸೇರಿಸ್ಕೊಂಡೋಳು ನಾನೇ. ಬೆಲ್ಲದ ನೀರು ಸವರಿ ಇವಳನ್ನ ನಂಬ್ಸಿದ್ದೂ ನಾನೇ. ಪಾಪ, ಇವಳು ಸುಳ್ಳು ಹೇಳ್ಲಿಲ್ಲ ತಾಯಿ. ಇವಳ ಮಾತು ಇವಳಿಗೆ ನಿಜ.”

“ದೊಡ್ಡಮ್ಮಾ! ತಲೆ ಕೆಟ್ಟೈತಾ ನಿನಗೆ?” ಕೀರ್ತಿರಾಜ ಕಿರುಚಿದ. “ನಮ್ಮವ್ವನ್ ಮುಖ ಹೆಂಗ್ ನೋಡ್ತೀಯ ನೀನು?”

“ನಿಮ್ಮವ್ವನ್ ಮುಖ ನಾನ್ ನೋಡ್ಕತೀನಿ. ನೀನು ಆ ತಾಯಿ ಎಲ್ಲವಳೆ ಹೇಳು.”

“ಸತ್ತೋಯ್ತು ಅಂದ್ನಲ್ಲ!”

“ಎಲ್ಲಿ ಊತ್ರು, ಅದನ್ನಾದ್ರೂ ಹೇಳ್ಲಾ.”

ಅವನು ಗೋಡೆಯ ಕಡೆಗೆ ಕಣ್ಣು ಹೊರಳಿಸಿದ.

“ಗೋಡೆ ನೋಡ್‌ಬ್ಯಾಡ. ಇಲ್ಲಿ ನೋಡು. ನನ್ ಮುಖ ನೋಡ್ಕೊಂಡ್ ಹೇಳು.”

ನಂಜಯ್ಯ ಕಂಬ ಹಿಡಿದು ನಿಂತವನು ಮೆಲ್ಲಗೆ, “ಹೇಳ್ಬುಡು ಮಗಾ. ನಿಮ್ ದೊಡ್ಡಮ್ಮ ಹಿಡಿದ ಪಟ್ಟು ಬುಡಲ್ಲ. ನಾನು ಇಷ್ಟು ವರ್ಷದಿಂದ ನೋಡ್ತಾ ಇವ್ನಿ” ಎಂದ.

ಕೀರ್ತಿರಾಜನ ಭುಜಗಳು ಇಳಿದವು. “ಚನ್ರಾಯಪಟ್ಟಣ ದಾಟಿದ್ಮ್ಯಾಕೆ ಒಂದು ಹಳೇ ಕೋಳಿ ಫಾರಂ ಐತೆ. ಅದರ ಇಂದ್ಗಡೆ ಷೆಡ್ಡು. ಒಂದಲ್ಲ, ಬೋನಲ್ಲಿ ಸುಮಾರು ಅವೆ. ನಾನು ಒಳಕ್ಕೆ ಓಗಿಲ್ಲ ದೊಡ್ಡಮ್ಮ, ನಿನ್ನಾಣೆ. ಬಾಗಿಲಲ್ಲೇ ಕೊಟ್ರು.” ಹೇಳುತ್ತ ಹೇಳುತ್ತ ಅವನ ದನಿ ಸಣ್ಣ ಹುಡುಗನದಾಯಿತು.

ತೇಜಶ್ರೀ ಗೇಟಿನ ಬಳಿ ಹೋಗಿ ಚನ್ನರಾಯಪಟ್ಟಣಕ್ಕೆ ಫೋನು ಮಾಡಿದಳು. ತಿರುಗಿ ಬರುವಷ್ಟರಲ್ಲಿ ಸಿಬ್ಬಂದಿಯವನು ಮೂರು ಮರಿಗಳನ್ನು ಎತ್ತಲು ಕೊಟ್ಟಿಗೆಗೆ ಬಗ್ಗಿದ್ದ. ಹೊನ್ನಿ ಎದ್ದು ನಿಂತು ಬೆನ್ನ ರೋಮ ನಿಮಿರಿಸಿತು.

“ಬಿಡಪ್ಪಾ” ಎಂದಳು ತೇಜಶ್ರೀ. “ಎರಡು ತಿಂಗಳು ತುಂಬದೆ ಅಗಲಿಸಬಾರದು ಅಂತ ಜನಕ್ಕೆ ಹೇಳೋರು ನಾವು. ಅವು ಇಲ್ಲೇ ಇರಲಿ.” ಆಮೇಲೆ ಗುರುಸಿದ್ದಮ್ಮನ ಕಡೆಗೆ ತಿರುಗಿ, “ಆದ್ರೆ ಪರವಾನಗಿ ಉಳಿಸಕ್ಕಾಗಲ್ಲ ಅಮ್ಮಾ. ಹೊರಗಿನ ಮರಿ ಇಟ್ಕೊಂಡು ನಮಗೆ ತಿಳಿಸಲಿಲ್ಲ ನೀವು. ಇದೇ ಕೊನೇ ಸೂಲು. ಹೊನ್ನಿ ನಿಮ್ಮ ಹತ್ರಾನೇ ಇರಲಿ, ಆಪರೇಶನ್ ಮಾಡಿಸಬೇಕು.”

“ಉಳಿಸಿ ಅಂತ ನಾನು ಕೇಳಿದ್ನಾ?”

ಆ ಬಿರುಸಿಗೆ ತೇಜಶ್ರೀ ತಬ್ಬಿಬ್ಬಾದಳು. ಗುರುಸಿದ್ದಮ್ಮ ಒಳಗೆ ಹೋಗಿ ಗಂಡನ ಹಳೆಯ ಸ್ಕ್ರೂ ಡ್ರೈವರ್ ತಂದಳು. ಬೋರ್ಡು ಬಿಚ್ಚಲು ಮುಂದೆ ಬಂದ ಸಿಬ್ಬಂದಿಯವನನ್ನು ಕಣ್ಣಿನಲ್ಲೇ ತಡೆದಳು. ಒಂದು ಸ್ಕ್ರೂ ತುಕ್ಕು ಹಿಡಿದು ಅಲುಗಲಿಲ್ಲ. ಆಕೆ ಸೆರಗು ಸುತ್ತಿಕೊಂಡು, ಹಲ್ಲು ಕಚ್ಚಿ, ಅಂಗೈ ಕೆಂಪಾಗುವವರೆಗೆ ತಿರುಗಿಸಿದಳು. ಬೋರ್ಡು ಬಿಚ್ಚಿದ ಜಾಗದಲ್ಲಿ ಗೇಟಿನ ಹಸಿರು ಬಣ್ಣ ಹೊಚ್ಚ ಹೊಸದಾಗಿ ಕಾಣಿಸಿತು. ಕೀರ್ತಿರಾಜ ಯಾವಾಗಲೋ ಜೀಪಿನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ದಾರಿ ತೋರಿಸಬೇಕಾದವನು ಅವನೇ.

ಸಂಜೆ ತಂಗಿ ಫೋನು ಮಾಡಿ ಅತ್ತಳು, ಬೈದಳು, ಇನ್ನು ಮುಂದೆ ನೀನು ನನಗೆ ಅಕ್ಕನೇ ಅಲ್ಲವೆಂದಳು. ಗುರುಸಿದ್ದಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. “ನಾಳೆ ನಿಮ್ಮನೆಗೆ ಬತ್ತೀನಿ. ಬಾಗ್ಲು ತೆಗೀದಿದ್ರೆ ಜಗಲಿ ಮೇಲೆ ಕೂತಿರ್ತೀನಿ” ಎಂದು ಹೇಳಿ ಇಟ್ಟಳು. ಮಾತಿನಂತೆ ಹೋದಳು. ಜಗಲಿಯ ಮೇಲೆಯೇ ಕುಳಿತು ಬಂದಳು.

ಅದರ ಮರುದಿನ ಬೋನಿನ ಗಾಡಿ ಮತ್ತೆ ಬಂತು. ತೇಜಶ್ರೀ ಗೇಟಿನಲ್ಲಿಯೇ ನಿಂತು, “ಅಮ್ಮಾ, ಒಳಗೆ ಬರಬಹುದಾ?” ಎಂದು ಕೇಳಿದಳು.

ಗಾಡಿಯಿಂದ ಇಳಿಸಿದ ನಾಯಿಯನ್ನು ಕಂಡು ನಂಜಯ್ಯ ಜಗಲಿಯಿಂದ ಎದ್ದು ಬಂದ. ಹೊನ್ನಿಯದೇ ಜಾತಿ, ಅದೇ ಬಣ್ಣ. ಆದರೆ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ನಡೆದು ಸವೆಯದ ಉಗುರುಗಳು ಬೆಳೆದು ಸುರುಳಿಯಾಗಿದ್ದವು. ಜಾಲರಿಯ ಮೇಲೆಯೇ ಬದುಕಿದ ಆ ಪ್ರಾಣಿ ಅಂಗಳದ ಮಣ್ಣಿನ ಮೇಲೆ ಕಾಲಿಡಲು ಹೆದರಿ, ಬಿಸಿ ಕೆಂಡ ತುಳಿದಂತೆ ಒಂದೊಂದೇ ಪಾದವನ್ನು ಎತ್ತಿ ಇಡುತ್ತಿತ್ತು. ಮೊಲೆಗಳು ಮಾತ್ರ ಊದಿಕೊಂಡು ಬಿಗಿದಿದ್ದವು. ಹಾಲು ಇನ್ನೂ ಬತ್ತಿರಲಿಲ್ಲ.

“ನಾಲ್ಕು ತಾಯಿ ಸಿಕ್ಕಿದ್ವು. ಮೂರು ಮರಿ ಕಳ್ಕೊಂಡಿದ್ದು ಇವಳೇ ಅಂತ ಅಲ್ಲಿಯೋರು ಒಪ್ಕೊಂಡ್ರು. ಒಂದ್ಸಲ ನೋಡೋಣ ಅಂತ ಕರ್ಕೊಂಡು ಬಂದೆ” ಎಂದಳು ತೇಜಶ್ರೀ.

ಗುರುಸಿದ್ದಮ್ಮ ಹೊನ್ನಿಯನ್ನು ನಡುಮನೆಗೆ ಕೂಡಿ ಬಾಗಿಲು ಹಾಕಿದಳು. ಆ ಮನೆಯ ಒಳಗೆ ನಾಯಿ ಕಾಲಿಟ್ಟದ್ದು ಅದೇ ಮೊದಲು. ಮೂರು ಮರಿಗಳನ್ನು ತಂದು ಆ ತಾಯಿಯ ಮುಂದೆ ಬಿಟ್ಟಳು. ಅದು ಕತ್ತು ಚಾಚಿ ಆತುರದಿಂದ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಹಿಂದಕ್ಕೆ ಸರಿದು, ತುಟಿ ಎತ್ತಿ, ಗುರ್ರೆಂದಿತು.

ಮರಿಗಳ ಮೈಯಲ್ಲಿ ಈಗ ಹೊನ್ನಿಯ ಹಾಲಿತ್ತು, ಹೊನ್ನಿಯ ಎಂಜಲಿತ್ತು, ಹೊನ್ನಿಯ ಗೋಣಿಯ ವಾಸನೆಯಿತ್ತು. ಹೆತ್ತವಳ ಗುರುತನ್ನು ಗುರುಸಿದ್ದಮ್ಮ ತನ್ನ ಕೈಯಾರೆ ಅಳಿಸಿಹಾಕಿದ್ದಳು.

“ಬೇಡ ಅಮ್ಮಾ, ತೆಗೆದುಬಿಡಿ, ಕಚ್ಚುತ್ತೆ!”

“ನಿಂತ್ಕೊಳಿ ತಾಯಿ.”

ಆಕೆ ಬಿಸಿನೀರು ತರಿಸಿ ಮೂರು ಮರಿಗಳನ್ನೂ ತೊಳೆದಳು; ಒಗೆದ ಬಟ್ಟೆಯಲ್ಲಿ ನೀರಾರುವವರೆಗೆ ಒತ್ತಿದಳು. ಬಟ್ಟಲಿನಲ್ಲಿ ಬೆಲ್ಲ ಕದಡಿಕೊಂಡು, ಹೊಸ ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಬಹಳ ಹೊತ್ತು ಕೈ ಚಾಚಲೇ ಇಲ್ಲ. ನಾಯಿಯ ಏದುಸಿರು ತಗ್ಗಿದ ಮೇಲೆ, ಅದರ ಹೊಟ್ಟೆಯ ಕೆಳಗೆ ಬೆರಳು ತೂರಿಸಿ, ಬಿಗಿದ ಮೊಲೆಯಿಂದ ನಾಲ್ಕು ಹನಿ ಹಾಲು ಹಿಂಡಿಕೊಂಡಳು. ನಾಯಿ ನೋವಿಗೆ ಮುಲುಗಿತು, ಕಚ್ಚಲಿಲ್ಲ. ಆ ನೀರನ್ನು ಒಂದು ಮರಿಯ ನೆತ್ತಿಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿ, ಅದನ್ನು ಆ ತಾಯಿಯ ಮೂತಿಯ ಮುಂದಿಟ್ಟಳು. ತನ್ನ ಅಂಗೈಯನ್ನು ಮರಿಗೂ ಆ ಹಲ್ಲುಗಳಿಗೂ ನಡುವೆ ಅಡ್ಡ ಹಿಡಿದಳು.

“ಕೈ ತೆಗೀರಿ ಅಮ್ಮಾ” ಎಂದು ತೇಜಶ್ರೀ ಪಿಸುಗುಟ್ಟಿದಳು.

“ಕಚ್ಚೋದಾದ್ರೆ ಮೊದ್ಲು ನನ್ನನ್ನ ಕಚ್ಚಲಿ. ಕಚ್ಚಕ್ಕೆ ಅವಳಿಗೆ ಹಕ್ಕೈತೆ.”

ನಾಯಿ ಮೂಸಿತು. ಅದರ ಬಿಸಿಯುಸಿರು ಬೆರಳುಗಳ ಸಂದಿಯಲ್ಲಿ ಹಾಯಿತು. ಮುಚ್ಚಿದ ಬಾಗಿಲ ಹಿಂದಿನಿಂದ ಹೊನ್ನಿ ಒಮ್ಮೆ ಬೊಗಳಿ ಸುಮ್ಮನಾಯಿತು. ಮರಿ ಚಳಿಗೆ ನಡುಗುತ್ತ ಕುಂಯ್ ಎಂದಿತು.

ಒರಟು ನಾಲಿಗೆ ಮೊದಲು ಗುರುಸಿದ್ದಮ್ಮನ ಅಂಗೈಯನ್ನು, ಸ್ಕ್ರೂ ತಿರುಗಿಸಿ ಬೊಬ್ಬೆಯೆದ್ದ ಜಾಗವನ್ನು ನೆಕ್ಕಿತು. ಆಮೇಲೆ ಅದನ್ನು ದಾಟಿ ಮರಿಯ ನೆತ್ತಿಯ ಮೇಲೆ ಒಮ್ಮೆ ಹಾಯ್ದು, ನಿಂತು, ಮತ್ತೊಮ್ಮೆ ಹಾಯಿತು.

ಆಕೆ ಕೈಯನ್ನು ಇನ್ನೂ ತೆಗೆಯಲಿಲ್ಲ. ಎಡಗೈಯಲ್ಲಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, “ಇನ್ನೊಂದ್ ಮರಿ ಈಚೆಗ್ ಕೊಡಿ” ಎಂದಳು.